ಬೆಂಗಳೂರಿನಲ್ಲಿ ಮೊದಲ ಹಳೆಯ ಕಾರು: ಫೋರ್ಡ್, ಆಸ್ಟಿನ್, ಜೀಪು, ಫಿಯಟ್‌ಗಳಲ್ಲಿ ಯಾವುದು?

ಹಳೆಯ ಕಾರೊಂದನ್ನು ಮನೆಗೆ ತರಬೇಕೆಂದು ಹೊರಟವರಿಗೆ ಬೆಂಗಳೂರಿನಲ್ಲಿ ದಾರಿ ತೋರಿಸುವವರು ಬಹಳ ಮಂದಿ ಸಿಗುತ್ತಾರೆ. ಒಬ್ಬರು 1930ರ ಫೋರ್ಡ್ ಇದೆ, ನೋಡಿ ಎನ್ನುತ್ತಾರೆ. ಇನ್ನೊಬ್ಬರು ಚಿಕ್ಕಮಗಳೂರಿನ ಕಾಫಿ ತೋಟದಿಂದ ಬಂದ ವಿಲ್ಲೀಸ್ ಜೀಪಿನ ಸುದ್ದಿ ತರುತ್ತಾರೆ. ಮತ್ತೊಬ್ಬರ ಮನೆಯ ಹಿಂದೆ ಅಜ್ಜನ ಕಾಲದ ಫಿಯಟ್ ಟಾರ್ಪಾಲಿನಡಿ ನಿಂತಿರುತ್ತದೆ. ಎಲ್ಲವೂ ಚೆಂದವೇ, ಎಲ್ಲಕ್ಕೂ ಒಂದೊಂದು ಕಥೆ ಇದ್ದೇ ಇರುತ್ತದೆ. ಆದರೆ ಕೊಂಡ ಮೇಲೆ ಗಾಡಿ ಓಡುವುದೋ, ಶೆಡ್ಡಿನಲ್ಲಿ ಧೂಳು ತಿನ್ನುವುದೋ ಎಂಬುದು ಅಂದಚೆಂದದಿಂದ ತೀರ್ಮಾನವಾಗುವುದಿಲ್ಲ. ಆ ಮಾದರಿ ತನ್ನ ಕಾಲದಲ್ಲಿ ಎಷ್ಟು ಹರಡಿತು, ಯಾವ ದಾರಿಯಿಂದ ನಮ್ಮ ದೇಶಕ್ಕೆ ಬಂತು ಎಂಬ ಹಳೆಯ ಸಂಗತಿಯೇ ಇಂದಿನ ಬಿಡಿಭಾಗ, ಮೆಕ್ಯಾನಿಕ್ ಮತ್ತು ಕಾಗದಪತ್ರಗಳ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಹೋಲಿಕೆಯಲ್ಲಿ ಇತಿಹಾಸವೂ ಒಂದು ಅಳತೆಗೋಲಾಗಿಯೇ ಬರುತ್ತದೆ.

ಮೊದಲು ನೋಡಬೇಕಾದವು

ಎಲ್ಲಕ್ಕಿಂತ ಮೊದಲು ಕಾಗದಪತ್ರ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ಆದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಕಳೆದಿರುವ, ಮೂಲ ರೂಪದಲ್ಲಿಯೇ ಇರುವ, ಸ್ವಂತ ಬಳಕೆಯ ಕಾರು ಮತ್ತು ದ್ವಿಚಕ್ರ ವಾಹನಗಳು ವಿಂಟೇಜ್ ಎನಿಸಿಕೊಳ್ಳುತ್ತವೆ. ಹೊಸದಾಗಿ ನೋಂದಣಿ ಮಾಡಿಸುವುದಾದರೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ರಾಜ್ಯದ ಸಂಕೇತದ ಜೊತೆಗೆ ‘ವಿಎ’ ಎಂಬ ಅಕ್ಷರಗಳಿರುವ ನಂಬರು ಸಿಗುತ್ತದೆ. ಈಗಾಗಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು; ಹಳೆಯ ಮೈಸೂರು ರಾಜ್ಯದ ‘ಎಂವೈ’ ಅಕ್ಷರಗಳಿಂದ ಶುರುವಾಗುವ ಫಲಕಕ್ಕೆ ಇಲ್ಲಿನ ಸಂಗ್ರಾಹಕರು ಪ್ರಾಣ ಬಿಡುವುದು ಇದೇ ಕಾರಣಕ್ಕೆ. ಆದರೆ ಇದರಲ್ಲೊಂದು ಕೊಕ್ಕೆ ಇದೆ. ವಿಂಟೇಜ್ ಎಂದು ನೋಂದಣಿಯಾದ ವಾಹನವನ್ನು ರ‍್ಯಾಲಿ, ಪ್ರದರ್ಶನ, ತಾಂತ್ರಿಕ ಸಂಶೋಧನೆ, ಪೆಟ್ರೋಲು ತುಂಬಿಸುವುದು, ರಿಪೇರಿ ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ವಾರಕ್ಕೊಮ್ಮೆ ಮನೆಯವರನ್ನು ಕೂರಿಸಿಕೊಂಡು ತಿಂಡಿಗೆ ಹೋಗಿಬರುವ ಆಸೆ ಇದ್ದವರು, ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ಬಂದಿರುವ ಕಾರನ್ನು ಹುಡುಕುವುದು ವಾಸಿ.

ಎರಡನೆಯದು ಬಿಡಿಭಾಗ ಮತ್ತು ಕೈಗಳು. ಬೆಂಗಳೂರಿಗೆ ಇದರಲ್ಲಿ ಒಂದು ಭಾಗ್ಯವಿದೆ: ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಸಿಗದ ವಸ್ತುವನ್ನು ಪೀಣ್ಯದ ಲೇತಿನಲ್ಲಿ ಮಾಡಿಸಿಕೊಳ್ಳಬಹುದು. ಎಚ್‌ಎಂಟಿ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಬೆಳೆಸಿದ ಫಿಟ್ಟರುಗಳ, ಟರ್ನರುಗಳ ಪರಂಪರೆ ಈ ಊರಿನಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಆದರೆ ಲೇತಿನಿಂದ ಬುಷ್, ಪಿನ್ನು, ಶಾಫ್ಟು ಬರಬಹುದೇ ಹೊರತು ವಿಂಡ್‌ಸ್ಕ್ರೀನಿನ ಬಾಗಿದ ಗಾಜಾಗಲಿ, ದೀಪದ ರಿಮ್ಮಾಗಲಿ ಬರುವುದಿಲ್ಲ.

ಮೂರನೆಯದು ನಗರದ ರಸ್ತೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಪಂಪಿನ ನೆರವಿಲ್ಲದೆ, ಬಿಸಿ ನೀರು ತಾನಾಗಿ ಮೇಲೇರಿ ತಣ್ಣಗಾದದ್ದು ಕೆಳಗಿಳಿಯುವ ಹಳೆಯ ಪದ್ಧತಿಯ ರೇಡಿಯೇಟರಿಗೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕಾಲು ಗಂಟೆ ನಿಲ್ಲುವುದೆಂದರೆ ಹಬೆ ಏಳುವುದೆಂದೇ ಅರ್ಥ. ಬ್ರೇಕು, ಕ್ಲಚ್ಚು ಮತ್ತು ಗಾಡಿ ನಿಲ್ಲಿಸುವ ಜಾಗ ಇವುಗಳನ್ನೂ ಇದೇ ಕಂತೆಯಲ್ಲಿ ಸೇರಿಸಿಕೊಳ್ಳಬೇಕು.

ಕೊನೆಯದಾಗಿ ಪೆಟ್ರೋಲು. ಈಗ ಬಂಕುಗಳಲ್ಲಿ ಸಿಗುವ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಪೈಪನ್ನು, ಫ್ಯುಯೆಲ್ ಪಂಪಿನ ಡಯಾಫ್ರಮ್ಮನ್ನು, ಕಾರ್ಕಿನ ಫ್ಲೋಟನ್ನು ತಿನ್ನುತ್ತದೆ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಯಾವ ಕಾರು ಕೊಂಡರೂ ಇವನ್ನೆಲ್ಲ ಎಥನಾಲ್ ತಡೆಯುವ ವಸ್ತುಗಳಿಗೆ ಬದಲಾಯಿಸುವ ಖರ್ಚನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿ; ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಖಾಲಿ ಮಾಡಿಸಿ.

ಕಾರುಗಳು ಇಲ್ಲಿಗೆ ಬಂದ ದಾರಿ

ಕಾರ್ಲ್ ಬೆಂಜ್ 1886ರ ಜನವರಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಗಾಡಿಗೆ ಇದ್ದದ್ದು ಮೂರೇ ಚಕ್ರ, ಒಂದೇ ಸಿಲಿಂಡರು. ಎರಡು ವರ್ಷಗಳ ನಂತರ ಅವರ ಪತ್ನಿ ಬರ್ಥಾ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಅದನ್ನು ಓಡಿಸಿಕೊಂಡು ಹೋದಾಗ ಇಂಧನ ಸಿಕ್ಕಿದ್ದು ದಾರಿಯಲ್ಲಿದ್ದ ಔಷಧಿ ಅಂಗಡಿಯಲ್ಲಿ. ಬ್ರಿಟನ್ನಿನಲ್ಲಿ ಮೋಟಾರಿನ ಮುಂದೆ ಮನುಷ್ಯನೊಬ್ಬ ನಡೆದುಹೋಗಬೇಕೆಂಬ ಕಾನೂನಿನಿಂದ ಕಾರುಗಳಿಗೆ ಬಿಡುಗಡೆ ಸಿಕ್ಕಿದ್ದು 1896ರಲ್ಲಿ. ಅಲ್ಲಿಂದ ಮುಂದೆ ಹತ್ತು ಹನ್ನೆರಡು ವರ್ಷ ಕಾರು ಸಿರಿವಂತರ ಆಟದ ಸಾಮಾನಾಗಿಯೇ ಉಳಿಯಿತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ, ಮತ್ತು 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಶುರುವಾದ ಚಲಿಸುವ ಜೋಡಣೆಯ ಸಾಲು ಈ ಸ್ಥಿತಿಯನ್ನು ಬದಲಾಯಿಸಿದವು: 850 ಡಾಲರಿನ ಆಸುಪಾಸಿನಲ್ಲಿದ್ದ ಬೆಲೆ 1920ರ ದಶಕದ ನಡುವೆ 300 ಡಾಲರಿಗಿಂತ ಕೆಳಗಿಳಿಯಿತು, 1927ರ ಹೊತ್ತಿಗೆ ಒಂದೂವರೆ ಕೋಟಿ ಕಾರುಗಳು ತಯಾರಾಗಿದ್ದವು.

ಭಾರತಕ್ಕೆ ಫೋರ್ಡ್ ಬಂದದ್ದು ಅಮೆರಿಕದಿಂದ ನೇರವಾಗಿ ಅಲ್ಲ, ಕೆನಡಾದಿಂದ. ಬ್ರಿಟನ್ನನ್ನು ಬಿಟ್ಟು ಉಳಿದ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಮಾರುವ ಹಕ್ಕು ಫೋರ್ಡಿನ ಕೆನಡಾ ಕಂಪನಿಯದಾಗಿತ್ತು. ಹೀಗಾಗಿಯೇ ನಮ್ಮಲ್ಲಿನ ಫೋರ್ಡುಗಳಿಗೆ ಸ್ಟೀರಿಂಗ್ ಬಲಗಡೆ. ಜನರಲ್ ಮೋಟರ್ಸ್ 1928ರಲ್ಲಿ ಮುಂಬಯಿಯಲ್ಲಿ ಷೆವರ್ಲೆ ಜೋಡಿಸತೊಡಗಿತು. ನೆಲದಿಂದ ಎತ್ತರವಾಗಿ ನಿಲ್ಲುವ, ದೊಡ್ಡ ಎಂಜಿನ್ನಿನ, ಅಗ್ಗದ ಅಮೆರಿಕನ್ ಕಾರು ನಮ್ಮ ಕಚ್ಚಾ ರಸ್ತೆಗಳಿಗೆ ಒಗ್ಗಿತು. ಎಂಜಿನ್ನಿನ ಕುದುರೆಶಕ್ತಿಗೆ ತೆರಿಗೆ ಕಟ್ಟಬೇಕಾಗಿದ್ದ ಬ್ರಿಟನ್ನಿನವರು ತಮ್ಮ ಊರಿಗಾಗಿ ಕಟ್ಟಿದ ಪುಟ್ಟ ಎಂಜಿನ್ನಿನ ಕಾರುಗಳು ಇಲ್ಲಿ ಹೆಚ್ಚಾಗಿ ಕಾಣತೊಡಗಿದ್ದು, 1932ರ ಒಟ್ಟಾವ ಒಪ್ಪಂದ ಸಾಮ್ರಾಜ್ಯದ ಸರಕಿಗೆ ಸುಂಕದ ರಿಯಾಯಿತಿ ಕೊಟ್ಟ ಮೇಲೆ.

ಇದೇ ಹೊತ್ತಿಗೆ ಸರ್ ಎಂ. ವಿಶ್ವೇಶ್ವರಯ್ಯನವರು ಸ್ವದೇಶಿ ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದ್ದರು, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರ ಬೆನ್ನು ಹತ್ತಿದ್ದರು, ಮೈಸೂರು ಸರ್ಕಾರವೂ ನೆರವಿಗೆ ಮುಂದಾಗಿತ್ತು. ಬ್ರಿಟಿಷ್ ಭಾರತ ಸರ್ಕಾರ ಮಾತ್ರ ಅದಕ್ಕೆ ಒಲಿಯಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದರಿಂದ ಬೆಂಗಳೂರಿಗೆ ದಕ್ಕಿದ್ದು ಮುಂದೆ ಎಚ್‌ಎಎಲ್ ಆದ ವಿಮಾನ ಕಾರ್ಖಾನೆ. ಮುಂದೆ ಫಿಯಟ್ ಕಾರು ತಯಾರಿಸಿದ ಅವರ ಮೋಟಾರು ಕಂಪನಿ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯ ಪಾಲಾಯಿತು. ಇಲ್ಲದಿದ್ದರೆ ಫಿಯಟ್ಟಿನ ಬಿಡಿಭಾಗಕ್ಕೆ ನಾವು ಯಾರನ್ನೂ ಕೇಳಬೇಕಾಗಿರಲಿಲ್ಲ! ಸ್ವಾತಂತ್ರ್ಯಾನಂತರ, ದೇಶದೊಳಗೆ ತಯಾರಿಕೆಯ ಕಾರ್ಯಕ್ರಮ ಇರುವವರಿಗೆ ಮಾತ್ರ ಅವಕಾಶವೆಂದು ನೀತಿ ಬಿಗಿಯಾದಾಗ ಜನರಲ್ ಮೋಟರ್ಸ್ ಮತ್ತು ಫೋರ್ಡ್ 1954ರಲ್ಲಿ ಬಾಗಿಲು ಹಾಕಿದವು. ಆ ವರ್ಷವನ್ನು ಒಂದು ಗಡಿಗೆರೆಯೆಂದು ಭಾವಿಸಿ. ಅದರ ಹಿಂದಿನ ಕಾರಿಗೆ ಬಿಡಿಭಾಗ ಹೆಚ್ಚಾಗಿ ಹಡಗಿನಲ್ಲಿ ಬರಬೇಕು; ಮುಂದಿನ ಕಾರಿಗೆ ಬಸ್ಸಿನ ಪಾರ್ಸಲ್ಲಿನಲ್ಲಿ ಬರುತ್ತದೆ.

ಫೋರ್ಡ್ ಟಿ ಮತ್ತು ಎ

ಮಾಡೆಲ್ ಟಿ ಮನಸ್ಸು ಕದಿಯುವ ಕಾರು, ಆದರೆ ಮೊದಲ ಹಳೆಯ ಕಾರಾಗಿ ಅದನ್ನು ನಾನು ಶಿಫಾರಸು ಮಾಡಲಾರೆ. ಅದರ ಮೂರು ಪೆಡಲುಗಳಲ್ಲಿ ಎಡಗಡೆಯದು ಗೇರು ಬದಲಿಸುತ್ತದೆ, ನಡುವಿನದು ಹಿಂದಕ್ಕೆ ಓಡಿಸುತ್ತದೆ, ಬಲಗಡೆಯದು ಬ್ರೇಕು; ಆಕ್ಸಿಲರೇಟರ್ ಇರುವುದು ಸ್ಟೀರಿಂಗಿನ ಬಳಿಯ ಕಡ್ಡಿಯಲ್ಲಿ. ಕಾಲಿನ ಬ್ರೇಕು ಗೇರುಪೆಟ್ಟಿಗೆಯೊಳಗಿನ ಪಟ್ಟಿಯನ್ನು ಹಿಡಿಯುತ್ತದೆಯೇ ಹೊರತು ಚಕ್ರಗಳನ್ನಲ್ಲ. ಮುಂದಿನ ಚಕ್ರಗಳಿಗಂತೂ ಬ್ರೇಕೇ ಇಲ್ಲ. ಆಟೋರಿಕ್ಷಾ ಗಕ್ಕನೆ ಅಡ್ಡ ಬಂದಾಗ, ಇಂದಿನ ಕಾರಿಗೆ ಒಗ್ಗಿದ ಕಾಲು ಏನು ಮಾಡೀತೆಂದು ಊಹಿಸಿಕೊಳ್ಳಿ. ಸೀಟಿನಡಿಯ ಟ್ಯಾಂಕಿನಿಂದ ಪೆಟ್ರೋಲು ತಾನಾಗಿ ಇಳಿದು ಎಂಜಿನ್ನಿಗೆ ಹೋಗುವುದರಿಂದ, ಟ್ಯಾಂಕಿನಲ್ಲಿ ಕಡಿಮೆ ಇದ್ದಾಗ ನಂದಿ ಬೆಟ್ಟದಂಥ ಏರನ್ನು ಹಿಮ್ಮುಖವಾಗಿಯೇ ಹತ್ತಬೇಕಾದೀತು. ಕಾಗದದ ತೊಡಕು ಇನ್ನೂ ದೊಡ್ಡದು: ಬಹುಕಾಲ ಈ ಕಾರಿನ ಗುರುತಿನ ಸಂಖ್ಯೆ ಇದ್ದದ್ದು ಎಂಜಿನ್ನಿನ ಮೇಲೆ ಮಾತ್ರ. ನೂರು ವರ್ಷಗಳಲ್ಲಿ ಎಂದಾದರೂ ಎಂಜಿನ್ ಬದಲಾಗಿದ್ದರೆ, ಆರ್‌ಸಿ ಪುಸ್ತಕಕ್ಕೂ ಗಾಡಿಗೂ ಸಂಬಂಧವೇ ತಪ್ಪಿಹೋಗಿರುತ್ತದೆ.

1927ರ ಕೊನೆಯಲ್ಲಿ ಬಂದು 1931ರವರೆಗೆ ತಯಾರಾದ ಮಾಡೆಲ್ ಎ ಬೇರೆಯೇ ಲೋಕದ್ದು. ಪೆಡಲುಗಳು ನಮಗೆ ಗೊತ್ತಿರುವ ಕ್ರಮದಲ್ಲಿಯೇ ಇವೆ, ನಾಲ್ಕೂ ಚಕ್ರಗಳಿಗೆ ಬ್ರೇಕಿದೆ, ನೀರಿಗೆ ಪಂಪಿದೆ, 3.3 ಲೀಟರಿನ 40 ಕುದುರೆಶಕ್ತಿಯ ಎಂಜಿನ್ನು ಎಳೆಯುವುದಕ್ಕೆ ಹಿಂಜರಿಯುವುದಿಲ್ಲ. ನಾಲ್ಕು ವರ್ಷಗಳಲ್ಲಿ ಸುಮಾರು 48 ಲಕ್ಷ ಕಾರುಗಳು ಹೊರಬಂದದ್ದರಿಂದ ಅಮೆರಿಕದಲ್ಲಿ ಇವತ್ತಿಗೂ ಇದರ ಬಹುತೇಕ ಬಿಡಿಭಾಗಗಳನ್ನು ಹೊಸದಾಗಿ ತಯಾರಿಸಿ ಮಾರುತ್ತಾರೆ. ಸಾಗಣೆ ಮತ್ತು ಸುಂಕ ಸೇರಿದಾಗ ಬಿಲ್ಲು ನೋಡಿ ಎದೆ ಝಲ್ಲೆನ್ನಬಹುದು, ಆದರೆ ವಸ್ತು ಸಿಗುವುದಿಲ್ಲ ಎಂಬ ಮಾತಿಲ್ಲ. ಸಿಲಿಂಡರಿನೊಳಗೆ ಪೆಟ್ರೋಲು-ಗಾಳಿಯನ್ನು ಎಷ್ಟು ಅದುಮುತ್ತದೆ ಎಂಬುದನ್ನು ಹೇಳುವ ಸಂಪೀಡನ ಅನುಪಾತ 4.22 ಮಾತ್ರ ಇರುವುದರಿಂದ ಪೆಟ್ರೋಲಿನ ಆಕ್ಟೇನ್ ಬಗ್ಗೆ ಚಿಂತೆಯಿಲ್ಲ.

ಇದನ್ನು ಸ್ಟಾರ್ಟ್ ಮಾಡುವ ಕ್ರಮವನ್ನು ಒಮ್ಮೆ ಹತ್ತಿರದಿಂದ ನೋಡಿದರೆ, ಈ ಕಾಲದ ಕಾರು ತಮಗೆ ಹೊಂದುವುದೋ ಇಲ್ಲವೋ ಎಂಬುದು ತಾನಾಗಿ ತಿಳಿಯುತ್ತದೆ. ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ರೋಲು ನಲ್ಲಿ ತಿರುಗಿಸಬೇಕು. ಸ್ಟೀರಿಂಗ್ ಚಕ್ರದಡಿಯ ಎರಡು ಕಡ್ಡಿಗಳಲ್ಲಿ ಕಿಡಿ ಹಾರುವ ಸಮಯವನ್ನು ಹಿಂದುಮುಂದು ಮಾಡುವ ಕಿಡಿಯ ಕಡ್ಡಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ, ಥ್ರಾಟಲಿನ ಕಡ್ಡಿಯನ್ನು ಮೂರು ನಾಲ್ಕು ಹಲ್ಲು ಕೆಳಕ್ಕಿಳಿಸಬೇಕು. ಕೀಲಿ ತಿರುಗಿಸಿ, ಕೈಯಲ್ಲಿ ಚೋಕ್ ಎಳೆದು, ಕಾಲಿನಿಂದ ನೆಲದ ಮೇಲಿನ ಸ್ಟಾರ್ಟರ್ ಗುಂಡಿ ಒತ್ತಬೇಕು. ಎಂಜಿನ್ ಹತ್ತಿಕೊಂಡ ಕೂಡಲೇ ಕಿಡಿಯ ಕಡ್ಡಿಯನ್ನು ಕೆಳಕ್ಕೆಳೆಯಬೇಕು. ಗೇರಿನ ಹಲ್ಲುಗಳ ವೇಗವನ್ನು ತಾನಾಗಿ ಹೊಂದಿಸುವ ಸಿಂಕ್ರೊಮೆಶ್ ಇಲ್ಲ, ಎರಡು ಸಲ ಕ್ಲಚ್ ಒತ್ತದಿದ್ದರೆ ಹಲ್ಲುಗಳು ಕಿರುಚುತ್ತವೆ. ಬೇರಿಂಗುಗಳು ಕರಗಿಸಿ ಸುರಿದ ವೈಟ್ ಮೆಟಲ್ ಎಂಬ ಮೆದು ಮಿಶ್ರಲೋಹದವಾದ್ದರಿಂದ ಎಂಜಿನ್ ಕೆಲಸ ಬಂದಾಗ ಆ ವಿದ್ಯೆ ಬಲ್ಲ ಹಳೆಯ ಮೇಸ್ತ್ರಿಯೇ ಬೇಕು. ವಿದ್ಯುತ್ತು 6 ವೋಲ್ಟಿನದು, ಅರ್ತ್ ಪಾಸಿಟಿವ್, ಅಂದರೆ ಗಾಡಿಯ ಮೈಗೆ ಸೇರುವುದು ಬ್ಯಾಟರಿಯ ಪಾಸಿಟಿವ್ ತುದಿ. ಗೊತ್ತಿಲ್ಲದ ಎಲೆಕ್ಟ್ರಿಷಿಯನ್ ಕೈಗೆ ಬ್ಯಾಟರಿ ಕೊಡಬೇಡಿ.

ಇದೇ ಬೆಲೆಗೆ 1929ರ ನಂತರದ ಆರು ಸಿಲಿಂಡರಿನ ಷೆವರ್ಲೆ ಸಿಕ್ಕಿತೆಂದು ಕೆಲವರು ಹಿಗ್ಗುತ್ತಾರೆ. ಓಟ ನಯವಾದದ್ದು ಹೌದು. ಆದರೆ ಅದರ ತಗಡಿನ ಹಿಂದಿರುವುದು ಮರದ ಚೌಕಟ್ಟು. ಬಾಗಿಲು ತೆರೆದು ಮೇಲಕ್ಕೆತ್ತಿ ನೋಡಿ. ಕೀಲಿನ ಬಳಿ ಅದು ಜೋಲಾಡಿದರೆ ಒಳಗೆ ಗೆದ್ದಲು ಊಟ ಮುಗಿಸಿದೆ ಎಂದು ತಿಳಿಯಿರಿ. ಫೋರ್ಡ್ ಎ ಬಹುಪಾಲು ಉಕ್ಕಿನದು.

ಪುಟ್ಟ ಬ್ರಿಟಿಷ್ ಕಾರುಗಳು

ಆಸ್ಟಿನ್ ಸೆವೆನ್ 1922ರಿಂದ 1939ರವರೆಗೆ ಸುಮಾರು 2.9 ಲಕ್ಷ ತಯಾರಾಯಿತು. ಎಂಜಿನ್ ಬರೀ 747 ಸಿಸಿ. ಮೊದಲ ಮಾದರಿಗಳ ಅಗಲ 1.2 ಮೀಟರಿಗೂ ಕಡಿಮೆ ಇರುವುದರಿಂದ ಮಲ್ಲೇಶ್ವರದ ಹಳೆಯ ಮನೆಗಳ ಗೇಟಿನೊಳಗೆ ಬೈಕಿನ ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ಬಿಎಂಡಬ್ಲ್ಯು ಕಂಪನಿಯ ಮೊದಲ ಕಾರು ಇದರದೇ ಪರವಾನಗಿಯದು ಎಂಬುದು ಮಾತಿಗೆ ಒಳ್ಳೆಯ ಸರಕು. ಬ್ರಿಟನ್ನಿನ ಉತ್ಸಾಹಿಗಳಿಂದ ಬಿಡಿಭಾಗ ಚೆನ್ನಾಗಿ ಸಿಗುತ್ತದೆ, ಗಾತ್ರ ಚಿಕ್ಕದಾದ್ದರಿಂದ ಸಾಗಣೆಯ ಖರ್ಚೂ ಹಗುರ. ಆದರೆ ಕ್ಲಚ್ಚಿನ ಚಲನೆ ಕೂದಲೆಳೆಯಷ್ಟು, ಬ್ರೇಕು ಹೆಸರಿಗಷ್ಟೇ. 1930ಕ್ಕೆ ಮೊದಲಿನವುಗಳಲ್ಲಿ ಕಾಲಿನ ಬ್ರೇಕು ಹಿಂದಿನ ಚಕ್ರಕ್ಕೆ, ಕೈಯ ಬ್ರೇಕು ಮುಂದಿನ ಚಕ್ರಕ್ಕೆ. ಭಾನುವಾರ ಬೆಳಗಿನ ಆರು ಗಂಟೆಗೆ ಕಬ್ಬನ್ ಪಾರ್ಕಿನ ಸುತ್ತ ಓಡಿಸಲು ಇದಕ್ಕಿಂತ ಮುದ್ದಾದ ಗಾಡಿ ಇಲ್ಲ. ಹೊರವರ್ತುಲ ರಸ್ತೆಗೆ ಮಾತ್ರ ತರಬೇಡಿ.

ಯುದ್ಧಾನಂತರದ ಮಾರಿಸ್ ಮೈನರ್ ಈ ಸಾಲಿನಲ್ಲಿ ಹೆಚ್ಚು ವಿವೇಕದ ಆಯ್ಕೆ. 1948ರಲ್ಲಿ ಬಂದ ಅದರ ಮೊದಲ ಮಾದರಿಯನ್ನೇ ಹಿಂದೂಸ್ತಾನ್ ಮೋಟರ್ಸ್ ‘ಬೇಬಿ ಹಿಂದೂಸ್ತಾನ್’ ಎಂದು ಮಾರಿತು. ಹೈಡ್ರಾಲಿಕ್ ಬ್ರೇಕು, ನೇರವಾದ ಸ್ಟೀರಿಂಗು, ಸಣ್ಣ ಮೈಕಟ್ಟು ಎಲ್ಲವೂ ಇದೆ.

ಜೀಪು

ಆಸ್ಟಿನ್ ಸೆವೆನ್ ಕಾರನ್ನು ಅಮೆರಿಕದಲ್ಲಿ ಪರವಾನಗಿಯ ಮೇಲೆ ತಯಾರಿಸುತ್ತಿದ್ದ ಕಂಪನಿಯ ಉತ್ತರಾಧಿಕಾರಿಯಾದ ಬ್ಯಾಂಟಮ್ 1940ರಲ್ಲಿ ಸೇನೆಗಾಗಿ ಕಟ್ಟಿದ ಮಾದರಿಯಿಂದಲೇ ಜೀಪು ಹುಟ್ಟಿತು. ಯುದ್ಧ ಮುಗಿದ ಮೇಲೆ ಅಮೆರಿಕನ್ ಸೇನೆ ಬಿಟ್ಟುಹೋದ ಜೀಪುಗಳೂ, 1940ರ ದಶಕದ ಕೊನೆಯಿಂದ ಮಹೀಂದ್ರಾ ಜೋಡಿಸಿ ಮಾರಿದ ಜೀಪುಗಳೂ ಸೇರಿ ಮಲೆನಾಡಿನ ತೋಟಗಳನ್ನೆಲ್ಲ ತುಂಬಿದವು. ಬೆಲೆ, ಬಿಡಿಭಾಗ, ರಸ್ತೆ ಎಂಬ ಮೂರು ಅಳತೆಗಳಲ್ಲಿಯೂ ಜೀಪಿಗೆ ಒಳ್ಳೆಯ ಅಂಕ ಬರುತ್ತದೆ. ಕೆಡವಿ ಬೀಳಿಸುವುದು ಅದರ ಅಸಲಿತನದ ಪ್ರಶ್ನೆ. ತೋಟದ ಜೀಪುಗಳಲ್ಲಿ ಬಹಳಷ್ಟಕ್ಕೆ ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ, ಬಾಡಿ ಹೊಸ ತಗಡಿನದಾಗಿರುತ್ತದೆ, ಚಾಸಿಗೆ ಎಲ್ಲೆಂದರಲ್ಲಿ ಬೆಸುಗೆ ಬಿದ್ದಿರುತ್ತದೆ. ಮೂಲ ರೂಪದಲ್ಲಿರಬೇಕೆಂಬ ವಿಂಟೇಜ್ ನಿಯಮಕ್ಕೆ ಇವು ಹೊಂದುವುದು ಕಷ್ಟ. ಯುದ್ಧಕಾಲದ ಜೀಪೆಂದು ಹೆಚ್ಚಿನ ಬೆಲೆ ಹೇಳಿದರೆ ಮೊದಲು ಮುಂದಿನ ಗ್ರಿಲ್ಲಿನ ಸೀಳುಗಳನ್ನು ಎಣಿಸಿ: ಯುದ್ಧಕಾಲದ ಒತ್ತು ತಗಡಿನ ಗ್ರಿಲ್ಲಿಗೆ ಒಂಬತ್ತು, ನಂತರದ ನಾಗರಿಕ ಮಾದರಿಗೆ ಏಳು.

ಇಲ್ಲಿಯೇ ತಯಾರಾದವು

1954ರ ನಂತರ ಹೊಸ ಕಾರು ಬೇಕೆಂದವರಿಗೆ ಮುಖ್ಯವಾಗಿ ಇದ್ದದ್ದು ಮೂರು ಬಾಗಿಲು: ಉತ್ತರಪಾರದ ಹಿಂದೂಸ್ತಾನ್, ಮುಂಬಯಿಯ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್. ಆಯ್ಕೆಯ ಆ ಬಡತನವೇ ಇಂದಿನ ಕೊಳ್ಳುಗನಿಗೆ ವರವಾಗಿದೆ, ಏಕೆಂದರೆ ಒಂದೇ ಕಾರನ್ನು ದಶಕಗಟ್ಟಲೆ ತಯಾರಿಸುತ್ತ ಹೋದದ್ದರಿಂದ ಅದರ ಒಳಹೊರಗು ಬಲ್ಲ ಮೆಕ್ಯಾನಿಕ್ಕುಗಳು ಇನ್ನೂ ಇದ್ದಾರೆ.

ಇವುಗಳಲ್ಲಿ ನನ್ನ ಒಲವು ಫಿಯಟ್ 1100ರ ಕಡೆಗೆ. 1954ರ ಮಾದರಿಯಿಂದ ಹಿಡಿದು 1964ರ ಡಿಲೈಟ್, 1970ರ ದಶಕದ ಪ್ರೀಮಿಯರ್ ಪದ್ಮಿನಿಯವರೆಗೆ 1089 ಸಿಸಿಯ ಎಂಜಿನ್ನಿನ ಮೂಲ ವಿನ್ಯಾಸ ಒಂದೇ. ಆದ್ದರಿಂದ ಪದ್ಮಿನಿಯ ಎಂಜಿನ್ ಸಾಮಾನು ಹಳೆಯದಕ್ಕೂ ಬಹುಮಟ್ಟಿಗೆ ನೆರವಾಗುತ್ತದೆ. ಸ್ಟೀರಿಂಗಿನ ಪಕ್ಕದ ಗೇರು ಕಡ್ಡಿ ಹಗುರ, ನಗರದಲ್ಲಿ ಓಡಿಸುವುದು ಸುಲಭ, ಕುಟುಂಬಕ್ಕೆ ಜಾಗ ಸಾಕು. ಮುಂದಿನ ಬಾಗಿಲಿನ ಕೀಲು ನಡುವಿನ ಕಂಬಕ್ಕಿರುವ 1950ರ ದಶಕದ ಮಾದರಿಗಳಿಗೆ ಬೆಲೆಯೂ ಗೌರವವೂ ಹೆಚ್ಚು. ಆದರೆ ಅವುಗಳ ಅಲಂಕಾರದ ಪಟ್ಟಿ, ದೀಪ, ಲಾಂಛನ ಒಂದೊಂದಕ್ಕೂ ಅಲೆಯಬೇಕು. ಪ್ರತ್ಯೇಕ ಚಾಸಿ ಇಲ್ಲದ, ಬಾಡಿಯೇ ಭಾರ ಹೊರುವ ಕಟ್ಟಡವಾದ್ದರಿಂದ ತುಕ್ಕು ಇದರ ಶತ್ರು. ಮಂಗಳೂರಿನಲ್ಲೋ ಮುಂಬಯಿಯಲ್ಲೋ ಬಾಳಿದ ಕಾರಿಗಿಂತ ಬೆಂಗಳೂರು, ಮೈಸೂರು, ತುಮಕೂರಿನ ಒಣ ಹವೆಯಲ್ಲಿದ್ದ ಕಾರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ ಬಾಗಿಲಿನ ಕೆಳ ಅಂಚು, ಚಕ್ರದ ಕಮಾನು, ಪಾದದಡಿಯ ತಗಡಿಗೆ ತಾಗಿಸಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿರುವುದು ತಗಡಲ್ಲ, ಪುಟ್ಟಿ. ಟಿಂಕರಿಂಗಿನ ಖರ್ಚು ಎಂಜಿನ್ನಿನ ಖರ್ಚನ್ನು ಮೀರಿಸುವುದು ಇಂಥ ಕಾರುಗಳಲ್ಲಿಯೇ.

ಹಿಂದೂಸ್ತಾನ್ ಮೋಟರ್ಸಿನ ಲ್ಯಾಂಡ್‌ಮಾಸ್ಟರ್ ಮತ್ತು ಮೊದಲ ಅಂಬಾಸಿಡರುಗಳು ಗಟ್ಟಿಮುಟ್ಟು, ಭಾರ, ನಿಧಾನ. ಅಂಬಾಸಿಡರ್ 2014ರವರೆಗೂ ತಯಾರಾದ್ದರಿಂದ ಸಾಮಾನಿನ ಚಿಂತೆ ಅತಿ ಕಡಿಮೆ, ಆದರೆ ಅದೇ ಕಾರಣಕ್ಕೆ ಹಳೆಯ ಕಾರಿಗೆ ಹೊಸ ಕಾಲದ ದೀಪ, ಗ್ರಿಲ್ಲು, ಎಂಜಿನ್ ಬೆರೆಸಿರುವುದೂ ಹೆಚ್ಚು. 1961ರಲ್ಲಿ ಬಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಡಿಮೆ ಜಾಗದಲ್ಲಿ ಗಿರಕ್ಕನೆ ತಿರುಗುತ್ತದೆ, ಬಾನೆಟ್ಟು ಪೂರ್ತಿ ಮುಂದಕ್ಕೆ ಬಾಗಿ ಎಂಜಿನ್ನನ್ನು ಬಯಲಿಗಿಡುತ್ತದೆ. ತಾವೇ ಸ್ಪ್ಯಾನರ್ ಹಿಡಿಯುವವರಿಗೆ ಅದು ಒಪ್ಪುತ್ತದೆ. ಈ ಮೂರರಲ್ಲಿ ಯಾವುದಾದರೂ ಸರಿ, ಎಂಜಿನ್ ಬಿಚ್ಚಿದಾಗ ಗಟ್ಟಿಗೊಳಿಸಿದ ವಾಲ್ವ್ ಸೀಟುಗಳನ್ನು (ವಾಲ್ವ್ ಬಂದು ಕೂರುವ ಉಂಗುರಗಳನ್ನು) ಕೂರಿಸಿಬಿಡಿ. 2000ದ ಹೊತ್ತಿಗೆ ನಿಂತುಹೋದ ಸೀಸದ ಪೆಟ್ರೋಲಿನ ರಕ್ಷಣೆ ಅವುಗಳಿಗೆ ಈಗ ಇಲ್ಲ.

ಯಾರಿಗೆ ಯಾವುದು

ಹಣ ಕಡಿಮೆ, ವಾರಕ್ಕೊಮ್ಮೆಯಾದರೂ ಓಡಿಸಬೇಕು ಎನ್ನುವವರಿಗೆ 1960ರ ದಶಕದ ಫಿಯಟ್, ಸಾಮಾನ್ಯ ನೋಂದಣಿ ಜೀವಂತವಾಗಿರುವಂಥದ್ದು. ತೋಟ ಅಥವಾ ಊರಲ್ಲಿ ಜಮೀನು ಇದ್ದವರಿಗೆ ಪೆಟ್ರೋಲ್ ಎಂಜಿನ್ ಉಳಿಸಿಕೊಂಡಿರುವ ಜೀಪು. ರ‍್ಯಾಲಿಗಳಲ್ಲಿ ಪಾಲ್ಗೊಳ್ಳುವುದೇ ಗುರಿ, ಕೈಯಲ್ಲಿ ಹಣವಿದೆ, ಮಳೆ ತಾಗದ ಶೆಡ್ಡೂ ಇದೆ ಎಂದಾದರೆ ಫೋರ್ಡ್ ಎ. 1939ರವರೆಗಿನ ಕಾರುಗಳ ವಿಭಾಗದಲ್ಲಿ ಅದಕ್ಕೆ ಸ್ಥಾನ ಖಚಿತ. ಜಾಗವೇ ಇಲ್ಲದವರು, ಓಡಿಸುವುದಕ್ಕಿಂತ ಬಿಚ್ಚಿ ಜೋಡಿಸುವುದರಲ್ಲಿ ಸುಖ ಕಾಣುವವರು ಆಸ್ಟಿನ್ ಸೆವೆನ್ ನೋಡಬಹುದು. ಮಹಾರಾಜರ ಕಾಲದ ರೋಲ್ಸ್‌ರಾಯ್ಸ್ ಕನಸು ಇದ್ದರೆ ಅದನ್ನು ವಸ್ತುಸಂಗ್ರಹಾಲಯಕ್ಕೆ ಬಿಟ್ಟುಬಿಡುವುದು ಕ್ಷೇಮ. ಶ್ರೀರಂಗಪಟ್ಟಣದ ಬಳಿಯ ಪಯಣ, ಧರ್ಮಸ್ಥಳದ ಮಂಜೂಷಾ ಇವೆರಡರಲ್ಲಿ ಬೇರೆ ಬೇರೆ ಕಾಲದ ಕಾರುಗಳನ್ನು ಒಟ್ಟಿಗೆ ನೋಡಬಹುದು. ಫೋಟೋದಲ್ಲಿ ತಿಳಿಯದ ಎತ್ತರ, ಅಗಲ, ಸೀಟಿನ ಇಕ್ಕಟ್ಟು ಅಲ್ಲಿ ಕಣ್ಣಿಗೆ ಬೀಳುತ್ತದೆ. ಯಾವುದನ್ನೇ ಆರಿಸಿದರೂ, ಕೊಂಡ ಬೆಲೆಯಷ್ಟೇ ಇನ್ನೊಂದು ಮೊತ್ತವನ್ನು ರಿಪೇರಿಗೆಂದು ಬೇರೆ ತೆಗೆದಿಡಿ.

ಮುಂಗಡ ಕೊಡುವ ಮೊದಲು ಆರ್‌ಸಿ ಪುಸ್ತಕದ ಎಂಜಿನ್ ಮತ್ತು ಚಾಸಿ ನಂಬರುಗಳನ್ನು ಗಾಡಿಯ ಮೇಲೆ ನೀವೇ ಹುಡುಕಿ, ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಫೋರ್ಡ್ ಎ ಕಾರಿನಲ್ಲಿ ಚಾಸಿಯ ಅಂಕಿ ಚೌಕಟ್ಟಿನ ಮೇಲ್ಭಾಗದಲ್ಲಿ, ಬಾಡಿಯ ಅಡಿಯಲ್ಲಿ ಅಡಗಿರುವುದರಿಂದ ಅದನ್ನು ಓದಲು ಬಾಡಿಯನ್ನು ಸ್ವಲ್ಪ ಮೇಲೆತ್ತಬೇಕಾದೀತು. ಮಾರುವವರು ಅದಕ್ಕೆ ಒಪ್ಪದಿದ್ದರೆ ಆ ಕಾರನ್ನು ಅಲ್ಲಿಯೇ ಬಿಟ್ಟು ಬನ್ನಿ.